ಹೊರಗಿನ ಪ್ರಜೆ

ಇವತ್ತೂ ಅವಳು ಬರುವುದಿಲ್ಲ ಅಂತ ಮೈಥಿಲಿಗೆ ಊಟ ಮಾಡುವಾಗಲೇ ಅನ್ನಿಸಿತು. ಅನ್ನಿಸಿದ್ದೇ ತಡ, ತಟ್ಟೆ ಬಿಟ್ಟು ಎದ್ದು ಹೋಗಿ ಕಿಟಕಿಯ ಪರದೆ ಸರಿಸಿ ನೋಡಿದಳು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಅಮೆರಿಕಾದ ಫ್ರೀಮಾಂಟಿನ ಈ ಬೀದಿಗಳಲ್ಲಿ ಮಧ್ಯಾಹ್ನದ ಹೊತ್ತು ಯಾವತ್ತೂ ನರಪಿಳ್ಳೆ ಇರುವುದಿಲ್ಲ, ಆದರೆ ಇವತ್ತು ಮಾತ್ರ ಎಲ್ಲರೂ ಸೇರಿ ತನ್ನ ಮೇಲೆ ಮುನಿಸಿಕೊಂಡು ಒಳಗೆ ಕೂತಿದ್ದಾರೆ ಅನ್ನಿಸಿತು. ಮೂರು ಗಂಟೆಗೆ ಯೂನಿಯನ್ ಸಿಟಿಯ ಆಸ್ಪತ್ರೆಯ ಲ್ಯಾಬಿನಲ್ಲಿ ಇರಬೇಕು. ಐದು ವರ್ಷದ ಮಗಳನ್ನು ಇಂಗ್ಲಿಷ್ ಬಾರದ ಅತ್ತೆಯ ಮೇಲೆ ಬಿಟ್ಟು ಹೋಗುವ ಹಾಗಿಲ್ಲ. ನಿನ್ನೆ ಹುಷಾರಿಲ್ಲ ಅಂತ ಸುಳ್ಳು ಹೇಳಿ ರಜೆ ಹಾಕಿಯಾಗಿತ್ತು. ಇವತ್ತು ಇನ್ನೊಂದು ಸುಳ್ಳು ಹುಡುಕಬೇಕು. ಆದರೆ ಕೆಲಸದ ಚಿಂತೆ ನೆಪಕ್ಕೆ ಮಾತ್ರ ಅಂತ ಅವಳಿಗೇ ಗೊತ್ತಿತ್ತು. ಬೆಳಿಗ್ಗೆ ಸ್ಯಾನ್ ಹೊಸೆಗೆ ಹೊರಡುವಾಗ ಗಂಡ ವ್ಯಾಸರಾಜ ಶೂ ಲೇಸು ಕಟ್ಟಿಕೊಳ್ಳುತ್ತ, "ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ, ಬೇರೆ ಬೇಬಿಸಿಟರ್ ನೋಡಿದ್ರಾಯ್ತು, ಪೇಪರಲ್ಲಿ ಆ್ಯಡು ಕೊಟ್ರೆ ಹತ್ತು ಜನ ಬರ್ತಾರೆ" ಅಂದಿದ್ದ. ಹತ್ತು ಜನ ಬರಬಹುದು. ಲೋಸಾ ಬರಬೇಕು. ಆ ಒಂದು ದೊಡ್ಡ ದೇಹ, ನರೆತ ಕೂದಲಿನ ಆ ಗಂಟು, ಬಾಗಿಲು ತೆಗೆಯುವ ಮುಂಚೆಯೇ ಕೇಳುವ ಆ ಚರ್ಚಿನ ಹಾಡಿನ ದನಿ, ಅದು ಮತ್ತೆ ಈ ಮನೆಗೆ ಬರದಿದ್ದರೆ ಅದು ತನ್ನ ನಾಲಿಗೆಯಿಂದ ಆದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಶಾಲೆಯಲ್ಲಿ ಕಾಪಿ ಬರೆದದ್ದೇ ಬಂತು.

"ತಟ್ಟೆ ಮುಂದೆ ಕೂತು ಎದ್ದೇಳಬಾರದು ಕಣೇ" ಎಂದು ಅಡುಗೆಮನೆಯಿಂದ ಅತ್ತೆ ರಮಾಬಾಯಿಯ ದನಿ ಬಂತು. ಮೈಥಿಲಿ ಮತ್ತೆ ಬಂದು ಚಾಪೆಯ ಮೇಲೆ ಕೂತಳು. ಹೊರಗಾಗಿ ಇದು ಮೂರನೆಯ ದಿನ. ಮೂರು ದಿನ ಅವಳ ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ. ಲ್ಯಾಬಿನಲ್ಲಿ ಊರಿನವರ ರಕ್ತವನ್ನೆಲ್ಲ ಗಾಜಿನ ಕೊಳವೆಗಳಲ್ಲಿ ತುಂಬಿಸಿ, ಅಲ್ಲಾಡಿಸಿ, ಚೀಟಿ ಅಂಟಿಸುವ ಕೈ ಮನೆಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟುವ ಹಾಗಿಲ್ಲ. ಮೊದಮೊದಲು ಇದನ್ನು ನೆನೆದು ಒಬ್ಬಳೇ ನಗುತ್ತಿದ್ದಳು. ಲ್ಯಾಬಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅವರು ಅಯ್ಯೋ ಪಾಪ ಅನ್ನುತ್ತಾರೆ, ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಅವಳಿಗೆ ಸಹಿಸಲಾಗದು. ಮೂರು ದಿನ ಅಡುಗೆ ಇಲ್ಲ, ಪಾತ್ರೆ ಇಲ್ಲ, ಹಾಯಾಗಿ ರೆಸ್ಟು ಅಂತ ತನಗೆ ತಾನೇ ಹೇಳಿಕೊಂಡು ಹೇಳಿಕೊಂಡು ಅದು ಅರ್ಧ ನಿಜವೂ ಆಗಿತ್ತು. ಅತ್ತೆ ಮೈಸೂರಿನಿಂದ ಬಂದ ಮೊದಲ ತಿಂಗಳು ದೊಡ್ಡ ಧರ್ಮಸಂಕಟ ಎದ್ದಿತ್ತು. ಈ ಮನೆಯ ಕಾರ್ಪೆಟ್ಟು ಗೋಡೆಯಿಂದ ಗೋಡೆಗೆ ಒಂದೇ ಬಟ್ಟೆ. ಹೊರಗಾದವಳು ಒಂದು ಮೂಲೆಯಲ್ಲಿ ಕೂತರೂ ಇಡೀ ಮನೆಗೇ ಮೈಲಿಗೆ. ರಮಾಬಾಯಿ ಒಂದು ದಿನ ಪೂರ್ತಿ ಯೋಚಿಸಿ, ಮೊಳೆ ಹೊಡೆದು ಕೂರಿಸಿದ ಬಟ್ಟೆ ಬಟ್ಟೆಯಲ್ಲ, ಅದು ನೆಲ ಅಂತ ತೀರ್ಪು ಕೊಟ್ಟರು. ಅಡುಗೆಮನೆಗೆ ಮಾತ್ರ ಕಾರ್ಪೆಟ್ಟಿಲ್ಲ, ಹಳದಿ ಲಿನೋಲಿಯಂ ಹಾಸು. ಎರಡೂ ಸೇರುವ ಕಡೆ ಒಂದು ಅಲ್ಯೂಮಿನಿಯಂ ಪಟ್ಟಿ. ಪಟ್ಟಿಯ ಆ ಕಡೆ ಒಳಗೆ, ಈ ಕಡೆ ಹೊರಗೆ. ಮನೆ ಕಟ್ಟಿದ ಕಂಟ್ರಾಕ್ಟರಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಖಂಡಿತ ಗೊತ್ತಿರಲಾರದು.

ಆ ಪಟ್ಟಿಯ ಈ ಕಡೆಯೇ ಲೋಸಾ ಎಂಟು ತಿಂಗಳಿಂದ ನಿಲ್ಲುತ್ತಿದ್ದದ್ದು. ಅದಕ್ಕೆ ಮುಂಚೆ ಹಾಗಿರಲಿಲ್ಲ. ಮಗಳು ನಿರುಪಮಾಗೆ ಮೂರು ವರ್ಷವಿದ್ದಾಗ ಲೋಸಾ ಮೊದಲ ಸಲ ಬಂದಳು. ಬಂದ ದಿನವೇ ಅಡುಗೆಮನೆಗೆ ನುಗ್ಗಿ, ಮಗುವಿಗೆ ಏನು ತಿನ್ನಿಸುತ್ತೀಯ ತೋರಿಸು ಅಂದವಳು. ಮೂಲೆಯಲ್ಲಿದ್ದ ತುರಿಮಣೆ ನೋಡಿ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಮುದ್ರದ ನಡುವಿನ ತನ್ನ ದ್ವೀಪದಲ್ಲೂ ಹೀಗೆಯೇ, ಮಣೆಯ ಮೇಲೆ ಕೂತು, ಮುಂದೆ ಚಾಚಿದ ಹಲ್ಲಿಗೆ ಹೋಳನ್ನು ಒತ್ತಿ ತೆಂಗಿನಕಾಯಿ ತುರಿಯುತ್ತಾರಂತೆ. ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ಆ ತುರಿಮಣೆಯ ಮೇಲೆ ಕೂತು ಅವಳು ಒಂದು ಕಾಯಿಯನ್ನು ಚಿಪ್ಪು ಕಾಣುವ ತನಕ ತುರಿದಿಟ್ಟದ್ದು ಮೈಥಿಲಿಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಅತ್ತೆ ಬರುವ ದಿನ ಗೊತ್ತಾಯಿತು. ಮೈಥಿಲಿ ಅಡುಗೆಮನೆಯನ್ನು ಮೂರು ಸಲ ತೊಳೆದಳು, ಮೊಟ್ಟೆಯ ಡಬ್ಬಿ ಎಸೆದಳು, ಫ್ರಿಜ್ಜಿನ ಕೆಳಗೆ ಕೂಡ ಒರೆಸಿದಳು. ಲೋಸಾ ತನ್ನ ಊಟಕ್ಕೆ ತರುತ್ತಿದ್ದ ಮೀನಿನ ಸ್ಯಾಂಡ್‌ವಿಚ್ಚು ಆಮೇಲೆ ನೆನಪಾಯಿತು. ಮಾರನೆಯ ದಿನ, ಬೇರೆಲ್ಲೋ ನೋಡುತ್ತ, ನಮ್ಮತ್ತೆ ತುಂಬಾ ಆಚಾರದವರು, ಏನೂ ತಪ್ಪು ತಿಳೀಬೇಡ, ಇನ್ನು ಮೇಲೆ ಅಡುಗೆಮನೆಗೆ ಬರೋದು ಬೇಡ, ಅವರಿಗೆ ಸರಿಹೋಗೋಲ್ಲ ಅಂದಳು. ಲೋಸಾ ಅಲ್ಯೂಮಿನಿಯಂ ಪಟ್ಟಿಯ ಹತ್ತಿರ ಹೋಗಿ ಬೆರಳು ತೋರಿಸಿ, "ಇಲ್ಲಿಯ ತನಕವಾ?" ಎಂದು ಕೇಳಿದ್ದಳು. ಕೋಪವಿರಲಿಲ್ಲ. ಎಲ್ಲಿಯ ತನಕ ಅಂತ ತಿಳಿದುಕೊಳ್ಳುವುದಷ್ಟೇ ಅವಳಿಗೆ ಬೇಕಾಗಿತ್ತು. ಅಂದಿನಿಂದ ಅವಳ ಒಂದು ಹೆಬ್ಬೆರಳು ಕೂಡ ಆ ಪಟ್ಟಿ ದಾಟಲಿಲ್ಲ. ಕುಡಿಯುವ ನೀರನ್ನು ಮೈಥಿಲಿಯೇ ಒಂದು ಸ್ಟೀಲ್ ಲೋಟದಲ್ಲಿ ಸ್ಟೂಲಿನ ಮೇಲೆ ಇಟ್ಟು ಹೋಗುತ್ತಿದ್ದಳು.

ಬುಧವಾರ ಏನಾಯಿತು ಅಂತ ನೆನೆಯುವುದು ಬೇಡ ಅಂದಷ್ಟೂ ಅದೇ ನೆನಪಾಗುತ್ತಿತ್ತು. ಅಂದು ಬೆಳಿಗ್ಗೆ ಅವಳಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಿಟಿಜನ್‌ಷಿಪ್ಪಿನ ಇಂಟರ್ವ್ಯೂ. ಬಾರ್ಟ್ ರೈಲಿನಲ್ಲಿ ಹೋಗುವಾಗ ನೂರು ಪ್ರಶ್ನೆಗಳನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು: ಸಂವಿಧಾನ ಅಂದರೆ ಏನು, ಸೆನೆಟರುಗಳು ಎಷ್ಟು ಜನ, ಬಾವುಟದ ಪಟ್ಟಿಗಳು ಯಾಕೆ ಹದಿಮೂರು. ಆಫೀಸರು ಕೇಳಿದ್ದು ಆರೋ ಏಳೋ. ಎಲ್ಲ ಸರಿ. ಕೈ ಕುಲುಕಿ ಅಭಿನಂದನೆ ಅಂದ, ಮುಂದಿನ ತಿಂಗಳು ಪ್ರಮಾಣವಚನ ಅಂದ. ಇಳಿದು ಬರುವಾಗ ಬೇಕರಿಯಲ್ಲಿ ಒಂದು ಕೇಕು ಕೊಂಡಳು. ವಾಪಸು ಬರುವ ರೈಲಿನಲ್ಲಿ, ಓಕ್ಲೆಂಡ್ ದಾಟುವ ಹೊತ್ತಿಗೆ, ಹೊಟ್ಟೆಯಲ್ಲಿ ಆ ಪರಿಚಿತ ನೋವು ಕಾಣಿಸಿಕೊಂಡಿತು. ಅಮೆರಿಕಾ ಒಳಗೆ ಕರೆದುಕೊಂಡ ದಿನವೇ ಮನೆಯಲ್ಲಿ ಹೊರಗೆ! ಅವಳಿಗೆ ನಗು ಬಂತು. ಮನೆಗೆ ಬಂದು ಕೇಕಿನ ಡಬ್ಬಿಯನ್ನು ಎಲ್ಲಿಡಬೇಕು ತಿಳಿಯದೆ ಕಾರ್ಪೆಟ್ಟಿನ ಮೇಲೇ ಇಟ್ಟು, ಚಾಪೆ ಹಾಸಿಕೊಂಡು, ಲೋಸಾಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಅತ್ತೆ ರೂಮಿನಲ್ಲಿ ಮಲಗಿದ್ದರು. ಇಬ್ಬರೂ ಕೇಕು ತಿಂದರು. ನಿರುಪಮಾ ಮೂತಿಗೆಲ್ಲ ಕ್ರೀಮು ಬಳಿದುಕೊಂಡಳು. ಇಷ್ಟಕ್ಕೇ ನಿಲ್ಲಿಸಬಹುದಿತ್ತು.

ನಿಲ್ಲಿಸಲಿಲ್ಲ. ನಾಲಿಗೆಗೆ ಎಲುಬಿಲ್ಲ. "ನೀನು ಯಾವಾಗ ಪರೀಕ್ಷೆ ಕೊಟ್ಟೆ ಲೋಸಾ?" ಎಂದು ಕೇಳಿದಳು. ಲೋಸಾ ಇಂಗ್ಲಿಷಿನಲ್ಲಿ, ಪ್ರತಿ ಪದವನ್ನೂ ಇಳಿಸಿ ಇಡುವ ತನ್ನ ರೀತಿಯಲ್ಲಿ, ತಾನು ಪರೀಕ್ಷೆ ಕೊಟ್ಟಿಲ್ಲ, ಹುಟ್ಟಿದಾಗಿನಿಂದ ತಾನು ನ್ಯಾಷನಲ್ ಅಂದಳು. ಸಿಟಿಜನ್ ಅನ್ನು ಅಂತ ಮೈಥಿಲಿ ತಿದ್ದಿದಳು. ಸಿಟಿಜನ್ ಅಲ್ಲ, ನ್ಯಾಷನಲ್. ಅಂಥದ್ದೊಂದು ಇಲ್ಲವೇ ಇಲ್ಲ ಅಂತ ಮೈಥಿಲಿ. ನೂರು ಪ್ರಶ್ನೆ ಬಾಯಿಪಾಠ ಮಾಡಿದವಳ ಜಂಬ. ಅದಕ್ಕೆ ಲೋಸಾ, ತನ್ನ ದ್ವೀಪ ಅಮೆರಿಕಾಕ್ಕೆ ಸೇರಿದ್ದು ಸಾವಿರದ ಒಂಬೈನೂರನೇ ಇಸವಿಯಲ್ಲಿ, ಅದರ ಹೆಸರೇ ಅಮೆರಿಕನ್ ಸಮೋವಾ, ಅಲ್ಲಿ ಹಾರುವುದು ಇದೇ ಬಾವುಟ, ಆದರೆ ತನ್ನ ಪಾಸ್‌ಪೋರ್ಟಿನಲ್ಲಿ ಈಕೆ ಅಮೆರಿಕಾದ ನ್ಯಾಷನಲ್, ಸಿಟಿಜನ್ ಅಲ್ಲ ಅಂತ ಅಚ್ಚು ಹಾಕಿದ್ದಾರೆ ಅಂದಳು. ಎಲ್ಲಿ ಬೇಕಾದರೂ ಇರಬಹುದು, ದುಡಿಯಬಹುದು, ತೆರಿಗೆ ಕಟ್ಟಬಹುದು. ವೋಟು ಇಲ್ಲ. ಮೈಥಿಲಿಗೆ ನಗು ತಡೆಯಲಾಗಲಿಲ್ಲ. ಅಯ್ಯೋ ಪಾಪ ಅಂದಳು, ತನಗೆ ಯಾರಾದರೂ ಅಂದರೆ ಸಹಿಸಲಾಗದ ಅದೇ ಮಾತನ್ನು. ಅತ್ತ ಸ್ವರ್ಗವೂ ಇಲ್ಲ, ಇತ್ತ ಭೂಮಿಯೂ ಇಲ್ಲ, ನಮ್ಮಲ್ಲಿ ಇದಕ್ಕೆ ತ್ರಿಶಂಕು ಅಂತಾರೆ ಅಂದಳು. "ನಾನು ನಿನ್ನೆ ಮೊನ್ನೆ ಬಂದವಳು, ನನ್ನನ್ನೇ ಒಳಗೆ ತಗೊಂಡ್ರು. ನೀನು ಇಷ್ಟು ವರ್ಷ ಬಾಗಿಲಲ್ಲಿ ನಿಂತಿದೀಯಲ್ಲ, ಸ್ವಾಭಿಮಾನ ಬೇಡ್ವಾ?"

ಲೋಸಾ ಕೇಕಿನ ತಟ್ಟೆಯನ್ನು ಕೆಳಗಿಟ್ಟಳು. ತನ್ನ ತಮ್ಮ ವಿಯೆಟ್ನಾಮಿನಲ್ಲಿ ಸತ್ತ, ಅವನ ಪೆಟ್ಟಿಗೆಯ ಮೇಲೆ ಹೊದಿಸಿದ ಬಾವುಟದಲ್ಲಿ ಪಟ್ಟಿಗಳೇನೂ ಕಡಿಮೆ ಇರಲಿಲ್ಲ ಅಂದಳು. ತನ್ನ ಊರಿನಲ್ಲಿ ನೆಲ ಒಬ್ಬರದ್ದಲ್ಲ, ಇಡೀ ಕುಟುಂಬದ್ದು, ಮಾರುವ ಹಾಗಿಲ್ಲ. ಸಿಟಿಜನ್ ಆದರೆ ನಾಳೆ ಕೋರ್ಟು ಬರುತ್ತದೆ, ದುಡ್ಡಿದ್ದವನು ಬಂದು ಕೊಳ್ಳುತ್ತಾನೆ ಅಂತ ಹಿರಿಯರಿಗೆ ಹೆದರಿಕೆ, ಅದಕ್ಕೇ ಬೇಡ ಅನ್ನುವವರೂ ಇದ್ದಾರೆ, ಬೇಕು ಅನ್ನುವವರೂ ಇದ್ದಾರೆ, ಪ್ರತಿ ಭಾನುವಾರ ಚರ್ಚು ಮುಗಿದ ಮೇಲೆ ಇದೇ ಜಗಳ ಅಂದಳು. "ನಾನೂ ಅರ್ಜಿ ಹಾಕಬಹುದು. ಹಾಕಬೇಕಾ ಬೇಡವಾ ಅಂತ ಇಪ್ಪತ್ತು ವರ್ಷದಿಂದ ಯೋಚನೆ ಮಾಡ್ತಿದೀನಿ. ಅದು ನಗುವ ವಿಷಯ ಅಲ್ಲ." ಆಮೇಲೆ, ದನಿ ಏರಿಸದೆ, ಬೆರಳು ಮಾತ್ರ ಅಲ್ಯೂಮಿನಿಯಂ ಪಟ್ಟಿಯ ಕಡೆ ತೋರಿಸಿ, "ಈ ಮನೆಯಲ್ಲಿ ನಾನು ಎಲ್ಲಿ ನಿಂತಿದೀನಿ, ಮೈಥಿಲಿ?" ಎಂದು ಕೇಳಿದಳು. ಅದು ನಮ್ಮತ್ತೆಗೋಸ್ಕರ ಅಂತ ಮೈಥಿಲಿ ಬಾಯಿ ತೆರೆದಳು. "ನಿಮ್ಮತ್ತೆ ಒಂದು ದಿನವೂ ನನಗೆ ಏನೂ ಹೇಳಿಲ್ಲ. ಹೇಳಿದ್ದು ನೀನು. ಅದನ್ನ ನಾನು ಒಪ್ಪಿಕೊಂಡಿದ್ದೆ. ಇವತ್ತು ನೀನು ನನ್ನ ಪಕ್ಕದಲ್ಲೇ, ಇದೇ ಕಡೆ ಕೂತಿದೀಯ. ಕೂತುಕೊಂಡು ನಗ್ತಿದೀಯ." ಅಷ್ಟು ಹೇಳಿ ಚೀಲ ತೆಗೆದುಕೊಂಡು, ನಿರುಪಮಾಳ ಮೂತಿ ಒರೆಸಿ, ಹೊರಟುಹೋದಳು.

ಮಾತಿನ ಏಟು ಬೀಳುವುದು ತಡವಾಗಿ. ಬುಧವಾರ ಸಂಜೆಯೆಲ್ಲ ಮೈಥಿಲಿಗೆ ಸಿಟ್ಟೇ ಇತ್ತು: ಇವಳಿಗೆ ಮಾಡಿದ್ದೆಲ್ಲ ಮರೆತುಹೋಯಿತೇ, ಕ್ರಿಸ್‌ಮಸ್ಸಿಗೆ ಸೀರೆ ಬಟ್ಟೆಯ ಪರದೆ ಹೊಲಿಸಿಕೊಟ್ಟದ್ದು, ಅವಳ ಗಂಡನಿಗೆ ಸಕ್ಕರೆ ಕಾಯಿಲೆ ಅಂದಾಗ ಲ್ಯಾಬಿನಲ್ಲಿ ತಾನೇ ನಿಂತು ರಕ್ತ ನೋಡಿದ್ದು. ಗುರುವಾರ ಅವಳು ಬಾರದೆ ಹೋದಾಗ ಸಿಟ್ಟು ಇಳಿದು ಅದರ ಕೆಳಗಿದ್ದದ್ದು ಕಾಣಿಸಿತು. ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಅತ್ತೆಯ ಹೆಸರು ಹೇಳಿ ತಾನು ಗೆರೆ ಎಳೆದದ್ದು ಹೌದು. ಅತ್ತೆ ಎಳೆಯುತ್ತಾರೆ ಅಂತ ಮೊದಲೇ ಎಳೆದುಬಿಟ್ಟದ್ದು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅತ್ತೆಗೆ ಬೇಡ ಅನ್ನಿಸಿದರೆ ಅವರೇ ಹೇಳಲಿ ಅಂತ ಒಂದು ವಾರ ಕಾಯಬಹುದಿತ್ತು. ಕಾಯಲು ಏನು ಅಡ್ಡಿಯಾಗಿತ್ತು? ಇಷ್ಟು ವರ್ಷ ಮೊಟ್ಟೆ ತಿಂದದ್ದು, ಹೊರಗಾದಾಗಲೂ ಒಲೆ ಮುಟ್ಟಿದ್ದು, ಇವೆಲ್ಲವೂ ಒಂದೇ ಸಲ ಬಯಲಾಗುತ್ತದೆ ಅನ್ನುವ ಭಯ. ತಾನು ಒಳ್ಳೆಯ ಸೊಸೆ ಅಂತ ತೋರಿಸಿಕೊಳ್ಳಲು ಒಬ್ಬರನ್ನು ಹೊರಗೆ ನಿಲ್ಲಿಸಬೇಕಾಗಿತ್ತು, ಲೋಸಾ ಹತ್ತಿರದಲ್ಲಿದ್ದಳು. ಹೀಗೆ ಯೋಚಿಸುತ್ತ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ತಟ್ಟೆ ತೊಳೆಯಲು ಗರಾಜಿನ ನಲ್ಲಿಯ ಕಡೆ ಹೊರಟಳು.

ಆಗ ಸ್ಟೇಷನ್ ವ್ಯಾಗನ್ನಿನ ಸದ್ದು ಕೇಳಿತು. ಸೈಲೆನ್ಸರ್ ತೂತಾದ ಆ ಸದ್ದು ಬೇರೆ ಯಾರದ್ದೂ ಅಲ್ಲ. ನಿರುಪಮಾ, "ಲೋಸಾ!" ಎಂದು ಕಿರುಚಿಕೊಂಡು ಓಡಿದಳು. ಮೈಥಿಲಿ ಎಂಜಲು ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಬಾಗಿಲು ತೆಗೆದಳು. ಲೋಸಾ ಚರ್ಚಿಗೆ ಹೋಗುವ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಳು. ಅದನ್ನು ಕಂಡಾಗಲೇ ಮೈಥಿಲಿಗೆ ವಿಷಯ ತಿಳಿದುಹೋಯಿತು. ಕೆಲಸಕ್ಕೆ ಬರುವವರು ಬಿಳಿ ಅಂಗಿ ಹಾಕುವುದಿಲ್ಲ. ಲೋಸಾ ಚೀಲದಿಂದ ಮನೆಯ ಬೀಗದ ಕೈ ತೆಗೆದು ಮುಂದೆ ಹಿಡಿದಳು. ಹೇಳದೆ ಕೇಳದೆ ಬಿಟ್ಟುಹೋಗುವುದು ತನಗೆ ಗೊತ್ತಿಲ್ಲ, ಅದಕ್ಕೇ ಬಂದೆ ಅಂದಳು. ನಿರುಪಮಾ ಅವಳ ಅಂಗಿಯ ಅಂಚು ಹಿಡಿದು ಜಗ್ಗುತ್ತಿದ್ದಳು. ಕ್ಷಮಿಸು ಅನ್ನಬೇಕು, ಮೈಥಿಲಿಗೆ ಗೊತ್ತಿತ್ತು, ಇಂಗ್ಲಿಷಿನಲ್ಲಿ ಅದು ಒಂದೇ ಸಣ್ಣ ಪದ, ದಿನಕ್ಕೆ ಇಪ್ಪತ್ತು ಸಲ ಲ್ಯಾಬಿನಲ್ಲಿ ಸೂಜಿ ಚುಚ್ಚುತ್ತ ಹೇಳುವ ಪದ, ಅದಕ್ಕೇ ಅದನ್ನು ಇಲ್ಲಿ ಹೇಳಲು ನಾಚಿಕೆಯಾಯಿತು. ಬೀಗದ ಕೈಯನ್ನು ತೆಗೆದುಕೊಳ್ಳಲೂ ಇಲ್ಲ, ಬೇಡ ಅನ್ನಲೂ ಇಲ್ಲ, ತಟ್ಟೆ ಹಿಡಿದುಕೊಂಡು ನಿಂತಳು.

"ಯಾರೇ ಅದು, ಲೋಸಮ್ಮನಾ? ಬಾಗಿಲಲ್ಲೇ ಯಾಕೆ ನಿಂತಿದಾಳೆ?" ಎಂದು ರಮಾಬಾಯಿ ಒಳಗಿನಿಂದ ಕೂಗಿದರು. ಎಂಟು ತಿಂಗಳಲ್ಲಿ ಲೋಸಾ ಅವರ ಬಾಯಲ್ಲಿ ಲೋಸಮ್ಮ ಆಗಿದ್ದಳು. ಮಧ್ಯಾಹ್ನ ಟೀವಿಯಲ್ಲಿ ಬರುವ ಧಾರಾವಾಹಿಯನ್ನು ಇಬ್ಬರೂ ಪಟ್ಟಿಯ ಆಚೆ ಈಚೆ ಕೂತು ನೋಡುತ್ತಿದ್ದರು. ಅತ್ತೆ ಕನ್ನಡದಲ್ಲಿ ಬೈಯುತ್ತಿದ್ದರು, ಲೋಸಾ ತನ್ನ ಭಾಷೆಯಲ್ಲಿ, ಕೆಟ್ಟ ಗಂಡಸು ಯಾರು ಅನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಈಗ ಅವರ ದನಿ ಕೇಳಿ ಲೋಸಾ, ನಿಮ್ಮತ್ತೆಗೆ ಹೇಳಿ ಹೋಗ್ತೀನಿ ಅಂದು, ಚಪ್ಪಲಿ ಬಿಟ್ಟು, ಕಾರ್ಪೆಟ್ಟಿನ ಮೇಲೆ ನಡೆದು ಬಂದು, ಪಟ್ಟಿಯ ಹತ್ತಿರ ನಿಂತಳು. ರಮಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಆ ಕಡೆ ಬಂದು ನಿಂತರು. ಮೈಥಿಲಿ ತಟ್ಟೆಯನ್ನು ಚಾಪೆಯ ಮೇಲೆ ಇಟ್ಟು ಲೋಸಾಳ ಪಕ್ಕ, ಮುಟ್ಟದಷ್ಟು ದೂರದಲ್ಲಿ, ನಿಂತಳು.

"ಕೆಲಸ ಬಿಡ್ತಾಳಂತೆ" ಎಂದಳು ಮೈಥಿಲಿ.

"ಯಾಕಂತೆ? ಅವರ ಯಜಮಾನ್ರಿಗೆ ಜಾಸ್ತಿಯಾಯ್ತಾ?"

"ಇಲ್ಲ. ನಾನು ಏನೋ ಅಂದೆ."

"ಏನೋ ಅಂದ್ರೆ ಏನು? ಬಾಯಿ ಬಿಟ್ಟು ಹೇಳೇ."

"ಅವಳು ಈ ದೇಶದ..." ಮೈಥಿಲಿ ತಡವರಿಸಿದಳು. ನ್ಯಾಷನಲ್ ಅಂದರೆ ಕನ್ನಡದಲ್ಲಿ ಏನು? ಪ್ರಜೆ. ಸಿಟಿಜನ್ ಅಂದರೆ? ಅದೂ ಪ್ರಜೆ. ನಾಗರಿಕ ಅನ್ನುವ ಪದವಿದೆ, ಆದರೆ ಅದು ರೇಡಿಯೋದ ಪದ, ಅತ್ತೆಗೆ ನಾಗರಿಕ ಅಂದರೆ ಕೋಟು ಹಾಕಿದವನು. "ಅವಳು ಈ ದೇಶದ ಪ್ರಜೆ, ಆದ್ರೆ ಪ್ರಜೆ ಅಲ್ಲ. ಅದಕ್ಕೆ ನಾನು ನಕ್ಕೆ."

"ತಲೆ ಸರಿಯಿದೆಯೇನೇ ನಿಂಗೆ? ಪ್ರಜೆ ಅಂದ್ರೆ ಪ್ರಜೆ. ಮಹಾರಾಜರ ಕಾಲದಲ್ಲಿ ನಾವೂ ಪ್ರಜೆಗಳೇ, ಆಮೇಲೂ ಪ್ರಜೆಗಳೇ. ಪ್ರಜೆ ಹೌದು ಪ್ರಜೆ ಅಲ್ಲ ಅಂದ್ರೆ ಅದ್ಯಾವ ಸೀಮೆ ಲೆಕ್ಕ?"

"ಅವಳ ದ್ವೀಪ ಇವರದ್ದೇ. ಬಾವುಟಾನೂ ಇವರದ್ದೇ. ಯುದ್ಧಕ್ಕೂ ಕರೀತಾರೆ, ಅವಳ ತಮ್ಮ ಇವರ ಯುದ್ಧದಲ್ಲೇ ಹೋದ. ಆದ್ರೆ ವೋಟು ಹಾಕೋ ಹಾಗಿಲ್ಲ. ಮನೆಯವರೇ, ಆದ್ರೆ ಒಳಗೆ ಸೇರಿಸ್ಕೊಳ್ಳೋಲ್ಲ." ಪದ ಸಿಗದೆ ಅವಳು ಕೈ ಚೆಲ್ಲಿದಳು. ಸಿಕ್ಕ ಪದವನ್ನೇ ಹೇಳಿಬಿಟ್ಟಳು: "ಹೊರಗೆ ಕೂರಿಸಿದಾರೆ ಅಂತ ಇಟ್ಕೊಳ್ಳಿ. ಹೊರಗಿನ ಪ್ರಜೆ."

ರಮಾಬಾಯಿಯ ಮುಖದಲ್ಲಿ ಗಂಟು ಬಿಚ್ಚಿತು. ಹೊರಗೆ ಅನ್ನುವುದು ಅವರಿಗೆ ಅರ್ಥವಾಗುವ ವಿಷಯ. ಅದರಲ್ಲಿ ಅವರಷ್ಟು ತಿಳಿದವರು ಆ ರಾಜ್ಯದಲ್ಲೇ ಇರಲಿಲ್ಲ.

"ಹೊರಗೆ ಅಂದ್ರೆ ಎಷ್ಟು ದಿನ?" ಎಂದರು.

"ಅಂದ್ರೆ?"

"ಎಷ್ಟು ದಿನದಿಂದ ಕೂತಿದಾರೆ ಅಂತ ಕೇಳ್ದೆ ಕಣೇ."

"ಸಾವಿರದ ಒಂಬೈನೂರನೇ ಇಸವಿಯಿಂದ" ಎಂದಳು ಮೈಥಿಲಿ. ಈಗ ಎಂಬತ್ತಾರನೇ ಇಸವಿ.

"ರಾಮ ರಾಮ!" ರಮಾಬಾಯಿ ಗಲ್ಲದ ಮೇಲೆ ಕೈ ಇಟ್ಟುಕೊಂಡರು. "ನಾನು ಹುಟ್ಟೋಕ್ ಮುಂಚಿಂದ್ಲಾ? ಹೊರಗಾದೋಳನ್ನ ನಾಲ್ಕನೇ ದಿನ ನೀರು ಹಾಕಿ ಒಳಗೆ ಕರ್ಕೋಬೇಕು. ಬರ್ತೀನಿ ಬರ್ತೀನಿ ಅಂತ ಅವಳು ಕೇಳ್ಕೊಂಡು ನಿಲ್ಲೋದಲ್ಲ, ಮನೆಯೋರು ಕರೀಬೇಕು. ಬರೋದು ಬಿಡೋದು ಆಮೇಲೆ ಅವಳಿಷ್ಟ. ಕರೀದೇ ಇದ್ರೆ ಮೈಲಿಗೆ ಅವಳದ್ದಲ್ಲ, ಮನೆಯೋರದ್ದು. ಇಷ್ಟು ದೊಡ್ಡ ದೇಶ, ಚಂದ್ರನ ಮೇಲೆ ಕಾಲಿಟ್ರಂತೆ, ಇಷ್ಟೂ ಗೊತ್ತಿಲ್ವಾ ಇವರಿಗೆ? ಮಡಿ ಅಂದ್ರೆ ಏನಂತ ತಿಳ್ಕೊಂಡಿದಾರೆ?"

ಮೈಥಿಲಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬುಧವಾರದಿಂದ ಎದೆಯಲ್ಲಿ ಕೂತದ್ದು ಈಗ ಹೇಳದಿದ್ದರೆ ಇನ್ನು ಯಾವಾಗಲೂ ಹೇಳುವುದಿಲ್ಲ ಅನ್ನಿಸಿತು. ಅತ್ತೆಯ ಮುಖ ನೋಡದೆ, ಲಿನೋಲಿಯಮ್ಮಿನ ಹಳದಿ ಚೌಕಗಳನ್ನು ನೋಡುತ್ತ, "ನಾವೂ ಅದನ್ನೇ ಮಾಡಿದೀವಿ ಅತ್ತೆ. ಎಂಟು ತಿಂಗಳಿಂದ ಅವಳು ಈ ಪಟ್ಟಿ ದಾಟಿಲ್ಲ" ಎಂದಳು.

"ಹೌದು, ದಾಟಲ್ಲ. ನಾನೂ ನೋಡಿದೀನಿ. ಅದು ಅವಳ ಮಡಿ ಅಲ್ವೇನೆ?"

"ಏನು?"

"ಅವಳ ಕಡೆ ಪದ್ಧತಿ ಏನೋ, ಬೇರೆಯವರ ಒಲೆ ಹತ್ತಿರ ಬರೋಲ್ಲ, ನೀರೂ ನೀನು ಕೊಟ್ಟ ಲೋಟದಲ್ಲೇ ಕುಡೀತಾಳೆ, ಎಷ್ಟು ಕಟ್ಟುನಿಟ್ಟು ಈ ಹೆಂಗಸು ಅಂದ್ಕೊಂಡಿದ್ದೆ. ಈ ಊರಲ್ಲಿ ಆಚಾರ ಇರೋದು ಇವಳಿಗೊಬ್ಬಳಿಗೇ ಅಂತ ನಿನ್ನ ಗಂಡನ ಹತ್ರ ಹೇಳೂ ಇದ್ದೆ."

ಮೈಥಿಲಿ ಕಾರ್ಪೆಟ್ಟಿನ ಮೇಲೆ ಕೂತುಬಿಟ್ಟಳು. "ನಾನೇ ಬೇಡ ಅಂದಿದ್ದೆ. ನಿಮಗೆ ಸರಿಹೋಗೋಲ್ಲ ಅಂತ."

ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ರಮಾಬಾಯಿ ಹೋಗಿ ಒಲೆ ಆರಿಸಿ ಬಂದರು. "ನಾನು ನಿಂಗೆ ಹೇಳಿದ್ನೇನೇ?" ಎಂದರು. ದನಿಯಲ್ಲಿ ಗದರಿಕೆಗಿಂತ ನೋವೇ ಹೆಚ್ಚಿತ್ತು. "ನನ್ನ ಮಡಿ ಬೆಳಿಗ್ಗೆ ನೈವೇದ್ಯ ಆಗೋ ತನಕ. ಆಮೇಲೆ ಇಡೀ ಅಮೆರಿಕಾನೇ ಬಂದು ಕೂತ್ಕೊಳ್ಳಲಿ, ನಂಗೇನು? ದೇವರು ವರ ಕೊಟ್ರೂ ಪೂಜಾರಿ ಕೊಡ ಅಂದ ಹಾಗಾಯ್ತು ನಿನ್ನ ಕತೆ. ನನ್ನ ಹೆಸರು ಹೇಳಿ ಆ ದೊಡ್ಡ ಹೆಂಗಸನ್ನ ಎಂಟು ತಿಂಗಳು ನಿಲ್ಲಿಸಿದ್ಯಲ್ಲೇ. ನಾನು ಅವಳಿಗೆ ಏನಾಗಿ ಕಂಡಿರ್ಬೇಡ?"

ಇಷ್ಟು ಹೊತ್ತು ಲೋಸಾ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ ನಿಂತಿದ್ದಳು. ತನ್ನ ಹೆಸರು, ವೋಟು, ಅಮೆರಿಕಾ ಅನ್ನುವ ಮಾತುಗಳು ಹಾರಿಹೋದದ್ದು ಅವಳಿಗೆ ತಿಳಿದಿರಬೇಕು. ಬೀಗದ ಕೈ ಇನ್ನೂ ಅವಳ ಅಂಗೈಯಲ್ಲೇ ಇತ್ತು. ರಮಾಬಾಯಿ ಅವಳ ಕಡೆ ತಿರುಗಿ, ಅವಳಿಗೆ ಕನ್ನಡ ಬರುತ್ತದೆ ಅನ್ನುವ ಹಾಗೆ, ಒಂದೊಂದೇ ಮಾತನ್ನು ಜೋರಾಗಿ ಹೇಳಿದರು: "ನಾಳೆ ಇವಳಿಗೆ ನಾಲ್ಕನೇ ದಿನ. ತಲೆಗೆ ನೀರು ಹಾಕ್ಕೊಂಡು ಒಳಗೆ ಬರ್ತಾಳೆ. ನೀನೂ ಬಾರಮ್ಮ. ಇಬ್ರೂ ಒಟ್ಟಿಗೇ ಬನ್ನಿ. ಕರೀಲಿಲ್ಲ ನಾವು, ತಪ್ಪಾಯ್ತು." ಆಮೇಲೆ ಸೊಸೆಗೆ, "ಹೇಳೇ ಅವಳಿಗೆ" ಎಂದರು.

ಮೈಥಿಲಿ ಬಾಯಿ ತೆರೆಯುವ ಮುಂಚೆ ನಿರುಪಮಾ ಹೇಳಿಬಿಟ್ಟಳು. ಮನೆಯಲ್ಲಿ ಆಡಿದ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು. "ಅಜ್ಜಿ ಸೇಸ್ ಯೂ ಆರ್ ಅಲೌಡ್ ಟುಮಾರೋ! ಇಫ್ ಯೂ ಟೇಕ್ ಎ ಬಾತ್!"

ಲೋಸಾಳ ಮುಖ ಬಿಗಿಯಿತು. ಅಲೌಡ್. ಅಪ್ಪಣೆ ಆಯಿತು, ಅದೂ ಸ್ನಾನ ಮಾಡಿದರೆ. ಐದು ವರ್ಷದ ಮಗು ತಪ್ಪೇನೂ ಹೇಳಿರಲಿಲ್ಲ, ಒಂದೊಂದು ಪದವೂ ಹೆಚ್ಚುಕಡಿಮೆ ಸರಿಯೇ, ಆದರೆ ಒಟ್ಟು ಸೇರಿ ಅದು ಮತ್ತೊಂದು ಪಟ್ಟಿಯಾಗಿತ್ತು. ಲೋಸಾ ಬಗ್ಗಿ ಬೀಗದ ಕೈಯನ್ನು ಸ್ಟೂಲಿನ ಮೇಲೆ, ಸ್ಟೀಲ್ ಲೋಟದ ಪಕ್ಕ ಇಟ್ಟಳು. ಮೈಥಿಲಿ ಎದ್ದು ನಿಂತಳು. ಅತ್ತೆ ನ್ಯಾಯ ಹೇಳಿಯಾಗಿತ್ತು, ಅತ್ತೆ ತಪ್ಪೂ ಒಪ್ಪಿಕೊಂಡಿದ್ದರು, ತಮ್ಮದಲ್ಲದ ತಪ್ಪನ್ನು. ಈಗಲೂ ತಾನು ಅತ್ತೆಯ ಸೆರಗಿನ ಹಿಂದೆ ನಿಂತು, ಅವರು ಹೀಗಂದರು ಅಂತ ದಾಟಿಸಿಬಿಡಬಹುದು. ಎಂಟು ತಿಂಗಳ ಹಿಂದೆ ಮಾಡಿದ್ದೂ ಅದನ್ನೇ.

"ಅತ್ತೆ ಹೇಳಿದ್ದು ಹಾಗಲ್ಲ ಲೋಸಾ" ಎಂದಳು ಇಂಗ್ಲಿಷಿನಲ್ಲಿ. "ನಮ್ಮಲ್ಲಿ ಒಂದು ಪದ ಇದೆ, ಅದು ಇಂಗ್ಲಿಷಿಗೆ ಬರೋಲ್ಲ. ತಿಂಗಳಲ್ಲಿ ಮೂರು ದಿನ ನಾನು ಹೊರಗೆ. ನನ್ನ ಸ್ವಂತ ಮನೆಯಲ್ಲಿ. ಅದಕ್ಕೇ ಬುಧವಾರ ನಿನ್ನ ಪಕ್ಕ ಕೂತಿದ್ದೆ, ನಿಂಗೆ ಯಾವತ್ತೂ ಹೇಳಿರಲಿಲ್ಲ, ನಾಚಿಕೆಯಾಗ್ತಿತ್ತು. ನಾಲ್ಕನೇ ದಿನ ಮನೆಯವರು ನನ್ನನ್ನ ಒಳಗೆ ಕರೀಬೇಕು. ಕರೆಯದೇ ಇದ್ರೆ ಪಾಪ ಮನೆಯವರದ್ದು, ಹೊರಗೆ ನಿಂತವರದ್ದಲ್ಲ. ನಿಮ್ಮ ದ್ವೀಪದ ವಿಷಯ ಕೇಳಿ ಅತ್ತೆ ಅಮೆರಿಕಾನ ಬೈದ್ರು. ಆಮೇಲೆ ನನ್ನನ್ನ ಬೈದ್ರು. ಅವರು ನಿನ್ನನ್ನ ಯಾವತ್ತೂ ಬೇಡ ಅಂದಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಗೆರೆ ಎಳೆದದ್ದು ನಾನು, ಅವರ ಹೆಸರಲ್ಲಿ. ನಗಬಾರದಿತ್ತು ಅಂತ ಮಾತ್ರ ಅಲ್ಲ. ಎಳೆಯಬಾರದಿತ್ತು."

ಲೋಸಾ ರಮಾಬಾಯಿಯನ್ನು ನೋಡಿದಳು. "ಅಮೆರಿಕಾನ ಬೈದರಾ?" ಎಂದು ಕೇಳಿದಳು.

"ಚೆನ್ನಾಗಿ."

"ಏನಂತ?"

"ಇಷ್ಟು ದೊಡ್ಡ ದೇಶಕ್ಕೆ ಮಡಿ ಅಂದ್ರೆ ಏನಂತ ಗೊತ್ತಿಲ್ಲ ಅಂತ." ಮಡಿಯನ್ನೂ ಇಂಗ್ಲಿಷಿಗೆ ತರಲಾಗದೆ ಹಾಗೇ ಬಿಟ್ಟಳು.

ಲೋಸಾಳ ದೊಡ್ಡ ಭುಜ ಅಲ್ಲಾಡತೊಡಗಿತು. ಮೊದಲು ಸದ್ದಿಲ್ಲದೆ, ಆಮೇಲೆ ಆ ಚರ್ಚಿನ ದನಿಯಲ್ಲಿ, ಮನೆ ತುಂಬ. ಭಾನುವಾರ ನಮ್ಮ ಹಿರಿಯರಿಗೆ ಇದನ್ನ ಹೇಳಬೇಕು ಅಂದಳು, ಇಪ್ಪತ್ತು ವರ್ಷದ ಜಗಳದಲ್ಲಿ ಈ ಮಾತು ಯಾರಿಗೂ ಹೊಳೆದಿಲ್ಲ, ನಾವೇ ಅರ್ಜಿ ಹಾಕಬೇಕಾ ಅಂತ ಕಾದಾಡ್ತಿದೀವಿ, ಕರೀಬೇಕಾದವರು ಅವರು ಅಂತ ಯಾರೂ ಹೇಳಲಿಲ್ಲ. ಕಣ್ಣು ಒರೆಸಿಕೊಂಡು, ಗಡಿಯಾರ ನೋಡಿ, ನಿನಗೆ ಹೊತ್ತಾಯ್ತು, ಹೋಗು, ಮಗು ನನ್ನ ಹತ್ತಿರ ಇರಲಿ ಅಂದಳು. ಮೈಥಿಲಿ ಚೀಲ ಹುಡುಕಿ, ಕಾರಿನ ಕೀಲಿ ತೆಗೆದುಕೊಂಡು, ಬಾಗಿಲ ತನಕ ಹೋಗಿ ನಿಂತಳು. ಕೇಳದೆ ಹೋಗಲು ಆಗಲಿಲ್ಲ.

"ನಾಳೆ ಬರ್ತೀಯಾ?"

"ನಾಳೆ ಶನಿವಾರ" ಎಂದಳು ಲೋಸಾ. "ನಾಳೆ ನಾನು ಕೆಲಸಕ್ಕೆ ಬರೋಲ್ಲ."

"ಏನಂತಾಳೆ?" ಎಂದು ರಮಾಬಾಯಿ ಅಲ್ಲಿಂದಲೇ ಕೂಗಿದರು.

ಲೋಸಾ ಅವರ ಕಡೆ ತಿರುಗಿ, ಬೆರಳುಗಳನ್ನು ಕೂಡಿಸಿ ಬಾಯಿಯ ಹತ್ತಿರ ತಂದು ತೋರಿಸಿದಳು. ಅದನ್ನು ಯಾರೂ ತರ್ಜುಮೆ ಮಾಡಬೇಕಾಗಲಿಲ್ಲ.

"ಊಟಕ್ಕಾ?" ಎಂದರು ರಮಾಬಾಯಿ. "ಹಾಗಾದ್ರೆ ಹನ್ನೆರಡಕ್ಕೆ ಮುಂಚೆ ಬರೋಕ್ಕೆ ಹೇಳು. ಕಾಯಿ ತುರಿಯೋದಿದೆ."